ಮೆಚ್ಚಿನ ಆಲ್ಬಂ, ದುಬಾರಿ ಹೆಡ್‌ಫೋನ್: ಕೊಟ್ಟ ಬೆಲೆಗೆ ಕೇಳಿಸುವುದೆಷ್ಟು?

ಅಕ್ಕಿಯ ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ ದರ ಹೇಳುತ್ತಾನೆ. ಜವಳಿ ವ್ಯಾಪಾರಿ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಹಿಡಿದೇ ಅದರ ದರ್ಜೆಯನ್ನು ಊಹಿಸಬಲ್ಲ. ಆದರೆ ಇದೇ ವ್ಯಾಪಾರಸ್ಥರು ತಮ್ಮ ಬಿಡುವಿನ ವೇಳೆಯ ಸಂಗೀತಕ್ಕಾಗಿ ಹೆಡ್‌ಫೋನ್ ಕೊಳ್ಳಲು ಹೊರಟಾಗ ಈ ಪರೀಕ್ಷಾಬುದ್ಧಿಯನ್ನು ಅಂಗಡಿಯ ಹೊರಗೇ ಬಿಟ್ಟು ಹೋಗುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಕೆಲವು ನೂರು ರೂಪಾಯಿಗಳಿಂದ ಹಿಡಿದು ಹಲವು ಲಕ್ಷ ರೂಪಾಯಿಗಳವರೆಗೆ ಬೆಲೆ ಹಬ್ಬಿರುವ ಈ ಸರಕಿನಲ್ಲಿ ಹೆಚ್ಚು ಬೆಲೆಯದ್ದೇ ಹೆಚ್ಚು ಒಳ್ಳೆಯದೆಂಬ ಭಾವನೆ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕಂಡುಕೊಳ್ಳಲು ಯಾವ ಪ್ರಯೋಗಶಾಲೆಯೂ ಬೇಕಿಲ್ಲ. ಹತ್ತಾರು ವರ್ಷಗಳಿಂದ ಕೇಳಿ ಕೇಳಿ ಬಾಯಿಪಾಠವಾಗಿರುವ ಮೂರು ನಾಲ್ಕು ಆಲ್ಬಂಗಳು ಸಾಕು. ತಕ್ಕಡಿಗೆ ತೂಕದ ಬಟ್ಟು ಹೇಗೋ ಹೆಡ್‌ಫೋನಿಗೆ ಪರಿಚಿತ ಧ್ವನಿಮುದ್ರಿಕೆ ಹಾಗೆ. ಬಟ್ಟು ಬದಲಾಗುವುದಿಲ್ಲವಾದ್ದರಿಂದ ತಕ್ಕಡಿಯ ವ್ಯತ್ಯಾಸ ತಾನಾಗಿ ಗೋಚರಿಸುತ್ತದೆ.

ಅಡುಗೆಮನೆಯಿಂದ ಕಾರ್ಖಾನೆಗೆ

ಇಂದು ಐಷಾರಾಮದ ವಸ್ತುವೆನಿಸಿರುವ ಹೆಡ್‌ಫೋನ್ ಹುಟ್ಟಿದ್ದು ಸಣ್ಣ ಉದ್ಯಮಿಗಳ ಕೈಯಲ್ಲಿ ಎಂಬುದು ಈ ಪತ್ರಿಕೆಯ ಓದುಗರಿಗೆ ಆಸಕ್ತಿಯ ವಿಷಯವಾಗಬಹುದು. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತಾನು ತಯಾರಿಸಿದ ಹೆಡ್‌ಫೋನನ್ನು ಅಮೆರಿಕದ ನೌಕಾಪಡೆಗೆ ಕಳುಹಿಸಿಕೊಟ್ಟನು. ಪರೀಕ್ಷಿಸಿ ಮೆಚ್ಚಿದ ನೌಕಾಪಡೆ ನೂರು ಜೊತೆಗಳಿಗೆ ಬೇಡಿಕೆ ಇಟ್ಟಾಗ, ಮನೆಯ ಅಡುಗೆಕೋಣೆಯಲ್ಲೇ ಕೆಲಸ ಮಾಡುತ್ತಿದ್ದ ಆತ ಒಂದು ಸಲಕ್ಕೆ ಹತ್ತು ಮಾತ್ರ ತಯಾರಿಸಿ ಕೊಡಬಲ್ಲೆನೆಂದು ಉತ್ತರಿಸಬೇಕಾಯಿತು. ತನ್ನ ಆವಿಷ್ಕಾರ ಕ್ಷುಲ್ಲಕವೆಂದು ಭಾವಿಸಿ ಮೊದಮೊದಲು ಪೇಟೆಂಟ್ ಪಡೆಯಲು ಸಹ ಆತ ಮನಸ್ಸು ಮಾಡಲಿಲ್ಲ. ಮುಂದೆ ಕಾರ್ಖಾನೆ ಬೆಳೆಯಿತಾದರೂ 1924ರಲ್ಲಿ ಸಂಸ್ಥೆ ದಿವಾಳಿಯಾಯಿತು.

ಆ ಹೆಡ್‌ಫೋನ್ ಸಂದೇಶ ಕೇಳುವುದಕ್ಕಾಗಿತ್ತೇ ಹೊರತು ಸಂಗೀತಕ್ಕಲ್ಲ. ಸಂಗೀತದ ಕಥೆ 1958ರಲ್ಲಿ, ಮಿಲ್‌ವಾಕಿ ನಗರದ ಜಾನ್ ಕಾಸ್ ಎಂಬ ಉದ್ಯಮಿಯಿಂದ ಆರಂಭವಾಗುತ್ತದೆ. ಆತ ಪ್ರದರ್ಶನಕ್ಕಿಟ್ಟದ್ದು ಕೈಯಲ್ಲಿ ಒಯ್ಯಬಹುದಾದ ಗ್ರಾಮಫೋನು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಸ್ಟೀರಿಯೊ ತಟ್ಟೆಗಳ ಸೊಗಸನ್ನು ತೋರಿಸಲು ಅದರೊಂದಿಗೆ ಒಂದು ಜೊತೆ ಹೆಡ್‌ಫೋನನ್ನೂ ಇಟ್ಟಿದ್ದನು. ಜನ ಗ್ರಾಮಫೋನನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು. ಹೀಗೆ ಉಪಸಾಧನವೇ ಮುಖ್ಯ ಸರಕಾಯಿತು. ಲೆಕ್ಕಪತ್ರಗಳಲ್ಲಿ ಆಸಕ್ತಿಯಿರುವವರು ಇದೇ ಸಂಸ್ಥೆಯ ಇನ್ನೊಂದು ಪ್ರಕರಣವನ್ನೂ ನೆನಪಿಡಬೇಕು. ಅದರ ಹಣಕಾಸು ವಿಭಾಗದ ಉಪಾಧ್ಯಕ್ಷೆ ಹಲವು ವರ್ಷಗಳ ಕಾಲ ಸುಮಾರು 3.4 ಕೋಟಿ ಡಾಲರುಗಳನ್ನು ಲಪಟಾಯಿಸಿದ್ದು 2009ರ ಡಿಸೆಂಬರಿನಲ್ಲಿ ಬೆಳಕಿಗೆ ಬಂತು. ಅದನ್ನು ಗುರುತಿಸಿ ತಿಳಿಸಿದ್ದು ಕ್ರೆಡಿಟ್ ಕಾರ್ಡ್ ಸಂಸ್ಥೆ. ಜಗತ್ತಿಗೆ ಸೂಕ್ಷ್ಮವಾಗಿ ಕೇಳುವುದನ್ನು ಕಲಿಸಿದ ಮನೆಯಲ್ಲಿ ಲೆಕ್ಕದ ಪುಸ್ತಕದ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

ಒಳಗಿನ ಯಂತ್ರವಿಧಾನ

ಹೆಡ್‌ಫೋನುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಅತ್ಯಂತ ಸಾಮಾನ್ಯವಾದ ಡೈನಾಮಿಕ್ ಬಗೆಯಲ್ಲಿ ತೆಳುವಾದ ಪೊರೆಯೊಂದಕ್ಕೆ ತಂತಿಯ ಸುರುಳಿ ಅಂಟಿಕೊಂಡಿದ್ದು, ಅಯಸ್ಕಾಂತದ ಬಳಿಯಿರುವ ಆ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಪೊರೆ ಹಿಂದು ಮುಂದಾಗಿ ಕಂಪಿಸಿ ಧ್ವನಿ ಹೊಮ್ಮುತ್ತದೆ. ಬೇಯರ್‌ಡೈನಾಮಿಕ್ ಸಂಸ್ಥೆ ಬರ್ಲಿನ್ನಿನಲ್ಲಿ 1937ರಲ್ಲಿ ಹೊರತಂದ ಡಿಟಿ 48 ಈ ಬಗೆಯ ಮೊದಲಿಗ. ಪ್ಲೇನರ್ ಎಂಬ ಎರಡನೆಯ ಬಗೆಯಲ್ಲಿ ಸುರುಳಿಯ ಬದಲು ಪೊರೆಯ ಮೈತುಂಬ ವಾಹಕದ ಗೆರೆಗಳನ್ನು ಹರಡಿರುತ್ತಾರೆ. ಇಡೀ ಪೊರೆ ಏಕಕಾಲಕ್ಕೆ ಚಲಿಸುವುದರಿಂದ ಮಂದ್ರದ ಧ್ವನಿಗಳು ಕುಗ್ಗದೆ ಕೆಳಗಿನವರೆಗೆ ಇಳಿಯುತ್ತವೆ. ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಇದರಲ್ಲಿ ಕೆಲವೇ ಮೈಕ್ರಾನ್ ದಪ್ಪದ ಪೊರೆ ಎರಡು ರಂಧ್ರಯುಕ್ತ ಫಲಕಗಳ ನಡುವೆ ನೂರಾರು ವೋಲ್ಟ್‌ಗಳ ಬಲದಲ್ಲಿ ತೂಗಾಡುತ್ತದೆ. ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಪ್ರತ್ಯೇಕವಾದ ವಿಶೇಷ ಆಂಪ್ಲಿಫೈಯರ್ ಬೇಕೇ ಬೇಕು.

ಇದಲ್ಲದೆ ಹಿಂಬದಿ ಮುಚ್ಚಿದ್ದು, ತೆರೆದದ್ದು ಎಂಬ ಇನ್ನೊಂದು ವಿಭಾಗವಿದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ಎಚ್‌ಡಿ 414 ತೆರೆದ ಬಗೆಗೆ ಹೆಸರು ತಂದಿತು. ತೆರೆದ ಹೆಡ್‌ಫೋನಿನಲ್ಲಿ ಸಂಗೀತ ತಲೆಯೊಳಗೆ ಇಕ್ಕಟ್ಟಾಗಿ ಕೂರದೆ ಸುತ್ತಲೂ ಹರಡಿದಂತೆ ಭಾಸವಾಗುತ್ತದೆ. ಆದರೆ ಹೊರಗಿನ ಸದ್ದು ಒಳಗೂ ಒಳಗಿನ ಸದ್ದು ಹೊರಗೂ ಯಥೇಚ್ಛವಾಗಿ ಹರಿಯುತ್ತದೆ.

ಒಂದೇ ಆಲ್ಬಂ, ಹಲವು ಮುಖ

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' 1959ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ 30ನೇ ಬೀದಿಯ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡಿತು. ಆ ಸ್ಟುಡಿಯೋ ಮೊದಲು ಚರ್ಚ್ ಆಗಿದ್ದ ಕಟ್ಟಡ. ಎತ್ತರದ ಛಾವಣಿಯ ಆ ಹಜಾರದ ಗಾಳಿಯೇ ತಟ್ಟೆಯಲ್ಲಿ ಸೇರಿಕೊಂಡಿದೆ. ಡೇವಿಸ್‌ನ ಕಹಳೆ ನಡುವೆ, ಕಾಲ್ಟ್ರೇನ್‌ನ ಸ್ಯಾಕ್ಸೋಫೋನ್ ಎಡಕ್ಕೆ, ಆಡರ್ಲಿಯದು ಬಲಕ್ಕೆ ನಿಂತಿವೆ. ಕೋಣೆಯಲ್ಲಿ ಸ್ಪೀಕರಿನಿಂದ ಕೇಳುವಾಗ ಎರಡೂ ಕಿವಿಗಳಿಗೆ ಎರಡೂ ಕಡೆಯ ಧ್ವನಿ ತಲುಪುವುದರಿಂದ ಇವು ಒಂದು ಮೇಳವಾಗಿ ಬೆರೆಯುತ್ತವೆ. ಹೆಡ್‌ಫೋನಿನಲ್ಲಿ ಎಡದ್ದು ಎಡಗಿವಿಗಷ್ಟೆ, ಬಲದ್ದು ಬಲಗಿವಿಗಷ್ಟೆ. ಹೀಗಾಗಿ ಮುಚ್ಚಿದ ಬಗೆಯಲ್ಲಿ ವಾದಕರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಂತೆ ತೋರುವುದುಂಟು. ಸೆನ್‌ಹೈಸರ್ 2009ರಲ್ಲಿ ಸುಮಾರು 1,400 ಡಾಲರ್ ಬೆಲೆಗೆ ತಂದ ಎಚ್‌ಡಿ 800 ಹೆಸರು ಗಳಿಸಿದ್ದು ಇಲ್ಲಿಯೇ. ಕಿವಿಯಿಂದ ದೂರದಲ್ಲಿ, ಓರೆಯಾಗಿ ಕೂರಿಸಿದ ಅದರ ಪೊರೆ ಹಜಾರದ ವಿಸ್ತಾರವನ್ನು ಬಹುಮಟ್ಟಿಗೆ ಮರಳಿ ಕೊಡುತ್ತದೆ. ಅದೇ ಸಂಸ್ಥೆಯ 1997ರ ಎಚ್‌ಡಿ 600 ಅಷ್ಟು ವಿಸ್ತಾರವನ್ನು ತೋರಿಸದಿದ್ದರೂ ಕಹಳೆಯ ಮತ್ತು ಪಿಯಾನೋದ ನಾದವನ್ನು ಸಹಜವಾಗಿ ನಿಲ್ಲಿಸುತ್ತದೆ. ವಿಸ್ತಾರಕ್ಕಿಂತ ನಾದಕ್ಕೆ ಬೆಲೆ ಕೊಡುವವರಿಗೆ ಎರಡನೆಯದೇ ಹಿತವೆನಿಸಿದರೆ ಅಚ್ಚರಿಯಿಲ್ಲ.

ಈ ಆಲ್ಬಂ ಇನ್ನೊಂದು ಪಾಠವನ್ನೂ ಹೇಳುತ್ತದೆ. ಮೂಲ ಮುದ್ರಣದ ದಿನ ಟೇಪ್ ಯಂತ್ರವೊಂದು ತುಸು ನಿಧಾನವಾಗಿ ತಿರುಗಿದ್ದರಿಂದ ಮೊದಲ ಬದಿಯ ಸಂಗೀತ ದಶಕಗಳ ಕಾಲ ಸರಿಯಾದ ಶ್ರುತಿಗಿಂತ ಸ್ವಲ್ಪ ಮೇಲೆಯೇ ಮಾರಾಟವಾಯಿತು. ಅದನ್ನು ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ಜಗತ್ತಿನ ಅತಿ ದುಬಾರಿ ಹೆಡ್‌ಫೋನ್ ಕೂಡ ಹಳೆಯ ಆವೃತ್ತಿಯ ಶ್ರುತಿಯನ್ನು ಸರಿಪಡಿಸಲಾರದು. ಸಲಕರಣೆ ಬದಲಿಸುವ ಮುನ್ನ ಆಲ್ಬಂನ ಒಳ್ಳೆಯ ಆವೃತ್ತಿಯನ್ನು ಹುಡುಕುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ಕೆಲಸ.

ಗ್ಲೆನ್ ಗೂಲ್ಡ್ ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಇನ್ನೂ ಕುತೂಹಲಕಾರಿ. ಅದೇ 30ನೇ ಬೀದಿಯ ಸ್ಟುಡಿಯೋದಲ್ಲಿ ಆತ 1955ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ಇದೇ ಕೃತಿಯನ್ನು ನುಡಿಸಿದನು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51 ನಿಮಿಷ. ನುಡಿಸುತ್ತ ತನ್ನಷ್ಟಕ್ಕೆ ಗುನುಗುವುದು ಗೂಲ್ಡ್‌ನ ಅಭ್ಯಾಸ. ಸಾಧಾರಣ ಸಲಕರಣೆಯಲ್ಲಿ ಪಿಯಾನೋದ ಹಿಂದೆ ಅಸ್ಪಷ್ಟವಾಗಿ ಉಳಿಯುವ ಈ ಗುನುಗು, ಸ್ಟ್ಯಾಕ್ಸ್‌ನಂಥ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನಲ್ಲಿ ಪಕ್ಕದಲ್ಲೇ ಒಬ್ಬ ಮನುಷ್ಯ ಕುಳಿತು ಉಸಿರಾಡುತ್ತಿರುವಷ್ಟು ಸ್ಪಷ್ಟವಾಗುತ್ತದೆ. ಕೆಲವರಿಗೆ ಇದು ಪರಮಾನಂದ, ಕೆಲವರಿಗೆ ಕಿರಿಕಿರಿ. 1955ರ ಮುದ್ರಣ ಮಾತ್ರ ಮಾನೋ, ಎಂದರೆ ಎರಡೂ ಕಿವಿಗಳಿಗೆ ಒಂದೇ ಧ್ವನಿ. ಇಂಥ ಮುದ್ರಣದಲ್ಲಿ ಸಂಗೀತ ತಲೆಯ ನಟ್ಟನಡುವೆ ನಿಲ್ಲುತ್ತದೆ. ಎಚ್‌ಡಿ 800ರ ವಿಸ್ತಾರಕ್ಕೆ ಇಲ್ಲಿ ಹೆಚ್ಚೇನೂ ಕೆಲಸವಿಲ್ಲ.

ಈ ಕೊನೆಯ ಅಂಶ ನಮ್ಮ ನಾಡಿನ ರಸಿಕರಿಗೆ ನೇರವಾಗಿ ಅನ್ವಯಿಸುತ್ತದೆ. ಅಬ್ದುಲ್ ಕರೀಂ ಖಾನರ 1930ರ ದಶಕದ 78 ತಿರುವಿನ ತಟ್ಟೆಗಳೋ ಗಂಗೂಬಾಯಿ ಹಾನಗಲ್ಲರ ಆರಂಭದ ಧ್ವನಿಮುದ್ರಿಕೆಗಳೋ ಒಬ್ಬರ ಮೆಚ್ಚಿನ ಸಂಗ್ರಹವಾಗಿದ್ದರೆ, ಅವೆಲ್ಲವೂ ಮಾನೋ. ಅತಿ ತಾರದ ಕಂಪನಗಳು ಆ ಕಾಲದ ಯಂತ್ರಗಳಲ್ಲಿ ದಾಖಲಾಗಿಯೇ ಇಲ್ಲ. ವಿಸ್ತಾರಕ್ಕೂ ತಾರದ ಮೆರುಗಿಗೂ ಲಕ್ಷ ರೂಪಾಯಿ ಕೊಟ್ಟವರು ಅಂಥ ತಟ್ಟೆಗಳಲ್ಲಿ ಹೆಚ್ಚಾಗಿ ಕೇಳುವುದು ಮುಳ್ಳಿನ ಕರಕರ ಸದ್ದನ್ನೇ. ಭಾವಗೀತೆಗಳ ಹಳೆಯ ಕ್ಯಾಸೆಟ್ಟುಗಳ ವಿಷಯವೂ ಬೇರೆಯಲ್ಲ. ಟೇಪಿನ 'ಸುಯ್' ಎಂಬ ಸದ್ದನ್ನು ಸೂಕ್ಷ್ಮವಾದ ಹೆಡ್‌ಫೋನ್ ಮುಚ್ಚಿಡುವುದಿಲ್ಲ, ಎತ್ತಿ ತೋರಿಸುತ್ತದೆ. ಇಂಥ ಸಂಗ್ರಹಕ್ಕೆ ಮಧ್ಯದ ಸ್ಥಾಯಿಯನ್ನು, ಅಂದರೆ ಮನುಷ್ಯ ಕಂಠವನ್ನು ತುಂಬಿ ಕೊಡುವ ಮಧ್ಯಮ ಬೆಲೆಯ ಹೆಡ್‌ಫೋನೇ ಸೂಕ್ತ.

ಶಿವಕುಮಾರ್ ಶರ್ಮ, ಹರಿಪ್ರಸಾದ್ ಚೌರಾಸಿಯಾ ಮತ್ತು ಬ್ರಿಜ್ ಭೂಷಣ್ ಕಾಬ್ರಾ ಕೂಡಿ ನುಡಿಸಿದ 1967ರ 'ಕಾಲ್ ಆಫ್ ದ ವ್ಯಾಲಿ' ಹಲವು ಮನೆಗಳಲ್ಲಿ ಇಂದಿಗೂ ಇದೆ. ಸಂತೂರಿನ ತಂತಿಗೆ ಕಡ್ಡಿ ತಾಗಿದ ಕ್ಷಣ, ಅದರ ಹಿಂದೆಯೇ ಉಳಿದ ತಂತಿಗಳ ಅನುರಣನ, ಕೊಳಲಿನಲ್ಲಿ ಸ್ವರಕ್ಕೆ ಮುನ್ನ ಬರುವ ಉಸಿರು, ಇವು ಮೂರೂ ಹೆಡ್‌ಫೋನಿನ ಸೂಕ್ಷ್ಮತೆಗೆ ಒಳ್ಳೆಯ ಒರೆಗಲ್ಲು. ಅಮೆರಿಕದ ಬ್ರೂಕ್ಲಿನ್ನಿನಲ್ಲಿ ಗ್ರಾಡೊ ಕುಟುಂಬದವರು ತಯಾರಿಸುವ ಹೆಡ್‌ಫೋನುಗಳು ಕಡ್ಡಿಯ ಏಟನ್ನು ಚುರುಕಾಗಿ ಮುಂದೆ ತರುತ್ತವೆ. ಒಂದು ಬದಿ ಕೇಳುವಷ್ಟರಲ್ಲಿ ಅದು ಉಲ್ಲಾಸವೆನಿಸಿ, ಎರಡನೆಯ ಬದಿಯ ಹೊತ್ತಿಗೆ ಕೆಲವರ ಕಿವಿಗೆ ತೀಕ್ಷ್ಣವೆನಿಸುವುದುಂಟು. ಅಂಗಡಿಯಲ್ಲಿ ಎರಡು ನಿಮಿಷ ಕೇಳಿ ತೀರ್ಮಾನಿಸಬಾರದೆನ್ನುವುದು ಇದಕ್ಕಾಗಿಯೇ.

ವ್ಯಾಪಾರಿಗಳ ಕಿವಿಗೆ ಬಹುಶಃ ಅತ್ಯಂತ ಪರಿಚಿತವಾದ ಸದ್ದಿರುವುದು ಪಿಂಕ್ ಫ್ಲಾಯ್ಡ್ ತಂಡದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನಲ್ಲಿ. ಅದರ 'ಮನಿ' ಎಂಬ ಹಾಡು ನಾಣ್ಯಗಳ ಝಣತ್ಕಾರ, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಯಂತ್ರ ತೆರೆದು ಮುಚ್ಚುವ ಸದ್ದುಗಳಿಂದ ಆರಂಭವಾಗುತ್ತದೆ. ಟೇಪಿನ ತುಂಡುಗಳನ್ನು ಅಳೆದು ಕತ್ತರಿಸಿ ಜೋಡಿಸಿದ ಈ ಸರಣಿ ಏಳು ಎಣಿಕೆಯದು. ಮಿಶ್ರ ಛಾಪು ಬಲ್ಲವರಿಗೆ ಬೆರಳು ತಾನಾಗಿ ಆಡೀತು. ಒಳ್ಳೆಯ ಹೆಡ್‌ಫೋನಿನಲ್ಲಿ ಪ್ರತಿಯೊಂದು ಸದ್ದೂ ತನ್ನ ಜಾಗದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆಲ್ಬಂನ ಆರಂಭದಲ್ಲಿ ಬರುವ ಎದೆಬಡಿತ ಮಂದ್ರದ ಪರೀಕ್ಷೆ. ತೆರೆದ ಡೈನಾಮಿಕ್ ಹೆಡ್‌ಫೋನುಗಳಲ್ಲಿ ಅದು ತಟ್ಟಿದಂತೆ ಕೇಳಿದರೆ, ಒಳ್ಳೆಯ ಪ್ಲೇನರ್ ಬಗೆಯಲ್ಲಿ ಗುದ್ದಿದಂತೆ ಕೇಳುತ್ತದೆ.

ಬೆಲೆ ಎಲ್ಲಿಗೆ ಹೋಗುತ್ತದೆ?

ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 2017ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ನಿಯತಕಾಲಿಕದಲ್ಲಿ 283 ಹೆಡ್‌ಫೋನುಗಳ ಅಳತೆಗಳನ್ನು ಪ್ರಕಟಿಸಿದನು. ಮಂದ್ರದಿಂದ ತಾರದವರೆಗೆ ಯಾವ ಧ್ವನಿಯನ್ನು ಎಷ್ಟು ಪ್ರಮಾಣದಲ್ಲಿ ಕೊಡುತ್ತದೆ ಎಂಬ ಗುಣಕ್ಕೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲವೆಂಬುದು ಅದರ ಫಲಿತಾಂಶ. ಕಟ್ಟುಮಸ್ತು, ಬಾಳಿಕೆ, ತಲೆಯ ಮೇಲೆ ಕೂರುವ ಹಿತ ಇತ್ಯಾದಿ ಆ ಅಧ್ಯಯನದ ವಿಷಯಗಳಲ್ಲ ಎಂಬುದನ್ನು ಗಮನದಲ್ಲಿಡಬೇಕು. ಆದರೂ ಬೆಲೆಯೇ ಗುಣದ ಪ್ರಮಾಣಪತ್ರವೆಂದು ನಂಬಿದವರು ಇದನ್ನು ಉಪೇಕ್ಷಿಸುವಂತಿಲ್ಲ.

ಹಾಗಾದರೆ ಹಣ ಎಲ್ಲಿಗೆ ಹೋಗುತ್ತದೆ? ಫ್ರಾನ್ಸಿನ ಫೋಕಲ್ ಸಂಸ್ಥೆ 2016ರಲ್ಲಿ ಸುಮಾರು 4,000 ಡಾಲರಿಗೆ ತಂದ ಯುಟೋಪಿಯಾದ ಪೊರೆ ಬೆರಿಲಿಯಂ ಲೋಹದ್ದು. ಸೆನ್‌ಹೈಸರ್ 2015ರಲ್ಲಿ ಸುಮಾರು 50,000 ಯೂರೋ ಬೆಲೆಯೊಂದಿಗೆ ಪ್ರಕಟಿಸಿದ ಎಚ್‌ಇ 1ರ ಆಂಪ್ಲಿಫೈಯರಿನ ಕವಚ ಇಟಲಿಯ ಕರಾರಾ ಅಮೃತಶಿಲೆ. ಕಡಿಮೆ ಸಂಖ್ಯೆಯ ತಯಾರಿಕೆ, ಕೈಕೆಲಸ, ಸಂಶೋಧನೆಯ ವೆಚ್ಚವನ್ನು ಕೆಲವೇ ಗ್ರಾಹಕರ ಮೇಲೆ ಹಂಚಬೇಕಾದ ಅನಿವಾರ್ಯ, ಇವೆಲ್ಲ ಬೆಲೆಯಲ್ಲಿ ಅಡಗಿವೆ. ಇನ್ನೊಂದೆಡೆ ಕಾಸ್ ಸಂಸ್ಥೆ 1984ರಲ್ಲಿ ಹೊರತಂದ ಪೋರ್ಟಾ ಪ್ರೊ ಸುಮಾರು 50 ಡಾಲರ್ ಆಸುಪಾಸಿನ ಬೆಲೆಗೆ ಹೆಚ್ಚು ಬದಲಾವಣೆಯಿಲ್ಲದೆ ದಶಕಗಳ ಕಾಲ ಮಾರಾಟವಾಗಿದೆ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ವಾಣಿಜ್ಯ ಪದವಿಯ ಪಠ್ಯದಲ್ಲಿ ಓದಿ ಮರೆತವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೊದಲ ಕೆಲವು ಸಾವಿರ ರೂಪಾಯಿಗಳು ತರುವ ಸುಧಾರಣೆಯನ್ನು ಮುಂದಿನ ಲಕ್ಷ ತರುವುದಿಲ್ಲ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚುಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ಎಚ್‌ಡಿ 600ರಂಥ 300 ಓಮ್ ತಡೆಯ ಹೆಡ್‌ಫೋನನ್ನು ಮೊಬೈಲ್ ಫೋನು ಸಮರ್ಪಕವಾಗಿ ನಡೆಸಲಾರದು. ಅಲ್ಲದೆ ಇಂದಿನ ಎಷ್ಟೋ ಫೋನುಗಳಲ್ಲಿ ತಂತಿ ಸಿಕ್ಕಿಸುವ ರಂಧ್ರವೇ ಇಲ್ಲ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಹೆಡ್‌ಫೋನಿಗೆ 40,000 ರೂ., ಆಂಪ್ಲಿಫೈಯರಿಗೆ 15,000 ರೂ., ಒಂಬತ್ತು ವರ್ಷಗಳಲ್ಲಿ ಎರಡು ಬಾರಿ ಕಿವಿಯ ಮೆತ್ತೆ ಬದಲಿಸಲು 10,000 ರೂ., ಒಟ್ಟು 65,000 ರೂ. ವರ್ಷಕ್ಕೆ 300 ದಿನ, ದಿನಕ್ಕೊಂದು ಗಂಟೆಯಂತೆ 2,700 ಗಂಟೆ ಕೇಳಿದರೆ ಗಂಟೆಗೆ ಸುಮಾರು 24 ರೂ. ಬಿತ್ತು. ಅದೇ 4 ಲಕ್ಷ ರೂ.ಗಳ ಹೆಡ್‌ಫೋನನ್ನು ಭಾನುವಾರ ಮಾತ್ರ, ವರ್ಷಕ್ಕೆ 50 ಗಂಟೆಯಂತೆ ಒಂಬತ್ತು ವರ್ಷ ಕೇಳಿದರೆ ಗಂಟೆಗೆ ಸುಮಾರು 890 ರೂ. ಬೀಳುತ್ತದೆ. ಇನ್ನು 5,000 ರೂ.ಗಳ ನಿಸ್ತಂತು ಇಯರ್‌ಫೋನಿನ ಬ್ಯಾಟರಿ ಮೂರು ವರ್ಷ ಬಾಳಿ, ಅಷ್ಟರಲ್ಲಿ 900 ಗಂಟೆ ಕೇಳಿದರೆ ಗಂಟೆಗೆ ಐದೂವರೆ ರೂಪಾಯಿ. ಆದರೆ ಬ್ಯಾಟರಿ ಸತ್ತ ಮೇಲೆ ಅದರಿಂದ ಉಳಿಯುವ ಮೌಲ್ಯ ಬಹುತೇಕ ಶೂನ್ಯ. ಎಚ್‌ಡಿ 600ರ ತಂತಿ, ಮೆತ್ತೆ ಮೊದಲಾದವುಗಳನ್ನು ಬಿಡಿಬಿಡಿಯಾಗಿ ಬದಲಿಸಬಹುದು. ಬಿಡಿಭಾಗ ದೊರೆಯುವ ಯಂತ್ರಕ್ಕೂ ದೊರೆಯದ ಯಂತ್ರಕ್ಕೂ ಇರುವ ಅಂತರವನ್ನು ಸಣ್ಣ ಕೈಗಾರಿಕೆಯವರಿಗೆ ವಿವರಿಸಬೇಕಾಗಿಲ್ಲ.

ಕಿವಿಯ ಸ್ಥಿತಿ

ಎಲ್ಲಕ್ಕಿಂತ ಮುಖ್ಯವಾದ, ಆದರೆ ಅಂಗಡಿಯಲ್ಲಿ ಯಾರೂ ಪ್ರಸ್ತಾಪಿಸದ ವಿಷಯ ಕೊಳ್ಳುವವರ ಶ್ರವಣಶಕ್ತಿ. ಯೌವನದಲ್ಲಿ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುವ ಕಿವಿಗೆ ಐವತ್ತರ ವಯಸ್ಸು ದಾಟಿದ ಮೇಲೆ ತಾರದ ತುದಿ ಸಾಮಾನ್ಯವಾಗಿ ಕೇಳಿಸದಾಗುತ್ತದೆ. ಪೆಟ್ಟಿಗೆಯ ಮೇಲೆ 40,000 ಹರ್ಟ್ಸ್ ಎಂದು ಮುದ್ರಿಸಿರುವುದಕ್ಕೆ ಅಂಥವರು ಹಣ ಕೊಡುವುದು ವ್ಯರ್ಥ. ಸಮಾಧಾನದ ಸಂಗತಿಯೆಂದರೆ, ಪಿಯಾನೋದ ಅತ್ಯಂತ ಮೇಲಿನ ಮನೆಯ ಮೂಲ ಸ್ವರವೂ 4,186 ಹರ್ಟ್ಸ್ ಮಾತ್ರ. ಸಂಗೀತದ ಬಹುಪಾಲು ಅದಕ್ಕಿಂತ ಕೆಳಗೇ ಇದೆ.

ಆದರೆ ಮಗ್ಗ, ಪ್ರೆಸ್, ಗ್ರೈಂಡರುಗಳ ನಡುವೆ ದಶಕಗಳನ್ನು ಕಳೆದ ಉದ್ಯಮಿಗಳ ಸ್ಥಿತಿ ಬೇರೆ. ಯಂತ್ರಗಳ ಗದ್ದಲ ಮೊದಲು ಪೆಟ್ಟು ಕೊಡುವುದು 4,000 ಹರ್ಟ್ಸ್ ಆಸುಪಾಸಿಗೆ. ಮಾತಿನಲ್ಲಿ ಸಕಾರ ಶಕಾರಗಳ ಸ್ಪಷ್ಟತೆಯೂ ತಬಲಾದ ಅಂಚಿನ ನಾದವೂ ಹೆಚ್ಚಾಗಿ ಆ ಎತ್ತರದಲ್ಲೇ ಇವೆ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗಳ ಅವಧಿಗೆ 90 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಂಗೀತ ಸಲಕರಣೆಗಳಿಗಾಗಿ ಪ್ರಕಟಿಸಿದ ಮಾನದಂಡ ಇದಕ್ಕಿಂತ ಬಿಗಿಯಾದದ್ದು. ಅದರಂತೆ ವಯಸ್ಕರಿಗೆ ವಾರಕ್ಕೆ 80 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುವುದರಿಂದ 90 ಡೆಸಿಬೆಲ್‌ನಲ್ಲಿ ವಾರಕ್ಕೆ ನಾಲ್ಕೇ ಗಂಟೆ. ಹಗಲೆಲ್ಲ ಶೆಡ್ಡಿನ ಗದ್ದಲದಲ್ಲಿದ್ದು ರಾತ್ರಿ ಹೆಡ್‌ಫೋನಿನ ಧ್ವನಿಯನ್ನು ಏರಿಸಿ ಕೂರುವವರು ಒಂದೇ ಖಾತೆಯಿಂದ ಎರಡು ಬಾರಿ ಹಣ ತೆಗೆಯುತ್ತಿದ್ದಾರೆಂದೇ ಹೇಳಬೇಕು. ಈ ಖಾತೆಗೆ ಮರುಜಮೆ ಇಲ್ಲ. ಹತ್ತಾರು ಸಾವಿರ ರೂಪಾಯಿಯ ಹೆಡ್‌ಫೋನ್ ಕೊಳ್ಳುವ ಮುನ್ನ ಅದರ ಒಂದು ಸಣ್ಣ ಅಂಶವನ್ನು ಖರ್ಚು ಮಾಡಿ ಆಡಿಯೊಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ.

ಕೆಲಸದ ಸ್ಥಳದಲ್ಲಿ ತೆರೆದ ಬಗೆಯನ್ನು ಧರಿಸಿದರೆ ಹೊರಗಿನ ಸದ್ದನ್ನು ಮೀರಿಸಲು ಧ್ವನಿ ಏರಿಸಬೇಕಾಗುತ್ತದೆ. ಅಲ್ಲಿ ಮುಚ್ಚಿದ ಬಗೆ ಅಥವಾ ಸದ್ದು ನಿವಾರಿಸುವ ಬಗೆ ಉತ್ತಮ. ಅಮರ್ ಬೋಸ್ 1978ರಲ್ಲಿ ವಿಮಾನಯಾನದ ನಡುವೆ ಯೋಚಿಸಿದ ಈ ತಂತ್ರದಲ್ಲಿ, ಹೊರಗಿನ ಸದ್ದಿಗೆ ಪ್ರತಿಯಾದ ಅಲೆಯನ್ನು ಸೃಷ್ಟಿಸಿ ಅದನ್ನು ಅಡಗಿಸಲಾಗುತ್ತದೆ.

ಖರೀದಿಯ ವೇಳೆ

ಅಂಗಡಿಗೆ ಹೋಗುವಾಗ ಪರಿಚಿತ ಆಲ್ಬಂಗಳನ್ನು ತಾವೇ ಒಯ್ಯಬೇಕು. ಅಂಗಡಿಯವರು ಹಾಕುವ ಪ್ರದರ್ಶನದ ತುಣುಕುಗಳು ಯಾವ ಸಲಕರಣೆಯಲ್ಲೂ ಚೆನ್ನಾಗಿಯೇ ಕೇಳುತ್ತವೆ. ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಧ್ವನಿಮಟ್ಟ ಸಮನಾಗಿರಬೇಕು. ಒಂದೆರಡು ಡೆಸಿಬೆಲ್ ಜೋರಾಗಿರುವುದು ಕಿವಿಗೆ 'ಉತ್ತಮ'ವೆಂದೇ ತೋರುತ್ತದೆ. ದುಬಾರಿಯದನ್ನು ತುಸು ಏರಿಸಿ ಕೇಳಿಸುವ ಮಾರಾಟಗಾರನ ಜಾಣತನ ಫಲಿಸುವುದು ಇಲ್ಲಿಯೇ. ಬೆಲೆಯನ್ನು ಕೊನೆಯಲ್ಲಿ ಕೇಳಿ ತಿಳಿಯುವುದು ಇನ್ನೂ ಒಳ್ಳೆಯದು. ಕನ್ನಡಕ ಧರಿಸುವವರು ಕನ್ನಡಕದೊಂದಿಗೇ ಅರ್ಧ ಗಂಟೆ ಧರಿಸಿ ನೋಡಬೇಕು. ವಿದೇಶದಿಂದ ಬಂಧುಗಳ ಮೂಲಕ ತರಿಸುವವರು ಆ ಘಟಕಕ್ಕೆ ಭಾರತದಲ್ಲಿ ವಾರಂಟಿ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಅಗತ್ಯ.

ಕೊನೆಯದಾಗಿ ತೆರಿಗೆಯ ಮಾತು. ಹೆಡ್‌ಫೋನುಗಳು 8518 ಶೀರ್ಷಿಕೆಯಡಿ ಬರುತ್ತವೆ ಮತ್ತು ಅವುಗಳ ಮೇಲೆ ಶೇ. 18 ಜಿಎಸ್‌ಟಿ ಇದೆ. 40,000 ರೂ. ಬಿಲ್ಲಿನಲ್ಲಿ ಸುಮಾರು 6,100 ರೂ. ತೆರಿಗೆಯೇ ಆಗಿರುವುದರಿಂದ, ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ಹೂಡುವಳಿ ತೆರಿಗೆ ಜಮೆ ಪಡೆಯುವ ಆಸೆ ಹಲವರಿಗೆ ಹುಟ್ಟುತ್ತದೆ. ಸ್ವಂತ ಉಪಯೋಗದ ಸರಕಿಗೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನನ್ವಯ ಜಮೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿಯೂ ಅದು ವ್ಯವಹಾರದ ಖರ್ಚಾಗದು. ಧ್ವನಿಮುದ್ರಣ ಕೇಂದ್ರ, ಕಾಲ್ ಸೆಂಟರ್ ಮೊದಲಾದ ನಿಜವಾದ ವ್ಯವಹಾರದ ಬಳಕೆಯಿದ್ದಲ್ಲಿ ಮಾತ್ರ ಜಮೆ ಪಡೆಯಬಹುದು, ಅಲ್ಲಿಯೂ ಬಳಕೆಯ ದಾಖಲೆ ಇರಬೇಕು. ಮನೆಯಲ್ಲಿ ಆಲ್ಬಂ ಕೇಳಲು ಕೊಳ್ಳುವವರು ತಮ್ಮ ಹೆಸರಿನಲ್ಲೇ, ತಮ್ಮ ವೈಯಕ್ತಿಕ ಖಾತೆಯಿಂದಲೇ ಹಣ ಪಾವತಿಸಿ ಬಿಲ್ಲು ಪಡೆಯತಕ್ಕದ್ದು. ವಾರಂಟಿ ಕೋರುವಾಗ ಬೇಕಾಗುವುದೂ ಅದೇ ಬಿಲ್ಲು.